ಅಮ್ಮನ ಕೋಣೆಯಲ್ಲಿ ಕೆಂಡದ ಬಾಂಡ್ಲಿ ಇಡಬಹುದಾ?

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ಮನೆ ಹಿಂದೆಯೇ ನಾಲೆ, ಅದರಾಚೆ ಗದ್ದೆ, ಕಬ್ಬು. ಹಳೇ ಹೆಂಚಿನ ಮನೆ ಕೆಡವಿ ನಾಲ್ಕು ವರ್ಷದ ಹಿಂದೆ ಆರ್‌ಸಿಸಿ ಮನೆ ಕಟ್ಟಿಸಿದೆವು. ನೆಲಕ್ಕೆ ಟೈಲ್ಸ್. ಅಮ್ಮನಿಗೆ 81 ವರ್ಷ, ಸಕ್ಕರೆ ಕಾಯಿಲೆ ಇದೆ. ಧನುರ್ಮಾಸ ಬಂತೆಂದರೆ ‘ಇದು ಮನೆಯಲ್ಲ ಕಣಪ್ಪ, ಐಸ್ ಪೆಟ್ಟಿಗೆ. ಹಳೇ ಮನೇಲಿ ಇಷ್ಟು ಚಳಿ ಇರಲಿಲ್ಲ’ ಅನ್ನುತ್ತಾರೆ. ರಾತ್ರಿ ಬಾಂಡ್ಲಿಯಲ್ಲಿ ಕೆಂಡ ತುಂಬಿಸಿ ಮಂಚದ ಪಕ್ಕ ಇಡಿಸಿಕೊಳ್ಳುತ್ತಾರೆ. ಹೊಗೆ ಇರುವುದಿಲ್ಲ. ಜೊತೆಗೆ ಒಂದು ಪಾತ್ರೆ ನೀರೂ ಇಡುತ್ತಾರೆ. ಆದರೂ ನನಗೆ ಭಯ. ನಾನು ಇರುವುದು ಮೈಸೂರಿನಲ್ಲಿ, ಊರಿಗೆ ಹೋಗುವುದು ವಾರಕ್ಕೊಮ್ಮೆ. ರೂಮ್ ಹೀಟರ್ ತಂದುಕೊಟ್ಟೆ. ಅದು ಬಿಸಿಯೇ ಆಗಲ್ಲ ಅಂತಾರೆ, ಮೇಲಾಗಿ ಮೊನ್ನೆ ಪ್ಲಗ್ ಕರಗಿಹೋಗಿದೆ. ಬಚ್ಚಲಿಗೆ ಗ್ಯಾಸ್ ಗೀಸರ್ ಹಾಕಿಸೋಣ ಅಂತ ತಮ್ಮ ಹೇಳುತ್ತಿದ್ದಾನೆ. ಕೆನಡಾದಲ್ಲಿರುವ ನನ್ನ ಮಗ ‘ರಾತ್ರಿ ನಲ್ಲಿ ಸಣ್ಣಗೆ ಬಿಟ್ಟಿರಿ, ಪೈಪಿಗೆ ಬಟ್ಟೆ ಸುತ್ತಿ, ಇಲ್ಲದಿದ್ದರೆ ಒಡೆದುಹೋಗುತ್ತೆ’ ಅನ್ನುತ್ತಾನೆ. ಇದರಲ್ಲಿ ಯಾವುದು ಸರಿ?

ಉತ್ತರ: ಇದನ್ನು ಪೂರ್ತಿ ಓದುವ ಮುಂಚೆ ಊರಿಗೆ ಒಂದು ಫೋನ್ ಮಾಡಿ. ಇವತ್ತು ರಾತ್ರಿ ಆ ಬಾಂಡ್ಲಿ ಕೋಣೆ ಒಳಗೆ ಹೋಗಬಾರದು. ಹೇಳಿದ ಮೇಲೆ ಬಂದು ನಿಧಾನವಾಗಿ ಓದಿ.

ನಿಮ್ಮ ಪತ್ರದಲ್ಲಿ ಚಳಿಯ ಪ್ರಶ್ನೆ ಒಂದು, ಬೆಂಕಿಯ ಪ್ರಶ್ನೆ ಇನ್ನೊಂದು ಇದೆ. ಮೈಸೂರು, ಮಂಡ್ಯದ ಕಡೆ ಮನೆ ಕಟ್ಟುವುದು, ರಿಪೇರಿ ಮಾಡುವುದೇ ನನ್ನ ಕಸುಬು. 28 ವರ್ಷ ಆಯಿತು. ಚಳಿಗೆ ಮನೆ ಕೆಟ್ಟಿದ್ದನ್ನು ಈ ಕಡೆ ನಾನು ನೋಡಿಲ್ಲ. ಚಳಿ ಓಡಿಸಲು ಹಚ್ಚಿದ್ದರಿಂದ ಆದ ಅನಾಹುತ ಮಾತ್ರ ಪ್ರತಿ ಡಿಸೆಂಬರ್‌ನಲ್ಲೂ ಒಂದೋ ಎರಡೋ ಕಿವಿಗೆ ಬೀಳುತ್ತದೆ.

ಮೊದಲು ಕೆಂಡ. ‘ಹೊಗೆ ಇಲ್ಲ’ ಎಂದು ಧೈರ್ಯದಿಂದ ಬರೆದಿದ್ದೀರಿ. ಹೊಗೆ ಇದ್ದಿದ್ದರೆ ಒಳ್ಳೆಯದಿತ್ತು ಅಂತ ನಾನು ಹೇಳುತ್ತೇನೆ. ಕಣ್ಣು ಉರಿಯುತ್ತಿತ್ತು, ಕೆಮ್ಮು ಬರುತ್ತಿತ್ತು, ಅಮ್ಮ ತಾವೇ ಎದ್ದು ಬಾಗಿಲು ತೆಗೆಯುತ್ತಿದ್ದರು. ಸೌದೆ ಉರಿದು ಕೆಂಡವಾದ ಮೇಲೆ ಹೊಗೆ ನಿಲ್ಲುತ್ತದೆ. ಆದರೆ ಕೆಂಡ ಇನ್ನೂ ಸುಡುತ್ತಲೇ ಇರುತ್ತದೆ. ಅದಕ್ಕೆ ಸಾಕಷ್ಟು ಗಾಳಿ ಸಿಗದಿದ್ದರೆ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಇದೆಯಲ್ಲ, ಅದಕ್ಕೆ ಈ ಅನಿಲ ಆಮ್ಲಜನಕಕ್ಕಿಂತ 200 ಪಟ್ಟು ಜಾಸ್ತಿ ಬಲವಾಗಿ ಅಂಟಿಕೊಳ್ಳುತ್ತದೆ. ಉಸಿರಾಟ ನಡೆಯುತ್ತಲೇ ಇರುತ್ತದೆ, ಮೈಗೆ ಆಮ್ಲಜನಕ ಸಿಗುವುದಿಲ್ಲ. ಮೊದಲು ತಲೆನೋವು, ಆಮೇಲೆ ವಾಕರಿಕೆ, ತಲೆಸುತ್ತು, ಮಂಪರು. ಮಲಗಿರುವವರಿಗೆ ಇದ್ಯಾವುದೂ ಗೊತ್ತೇ ಆಗುವುದಿಲ್ಲ. ನಿದ್ದೆಯಿಂದ ಎಚ್ಚರ ತಪ್ಪಿದ ಸ್ಥಿತಿಗೆ ಹಾಗೇ ಜಾರಿಬಿಡುತ್ತಾರೆ.

ಪಾತ್ರೆಯಲ್ಲಿ ನೀರು ಇಡುವ ವಿಷಯ. ಇದನ್ನು ನನಗೆ ಎಷ್ಟು ಜನ ಹೇಳಿದ್ದಾರೋ ಲೆಕ್ಕವಿಲ್ಲ. ನೀರು ಈ ಅನಿಲವನ್ನು ಹೀರಿಕೊಳ್ಳುವುದಿಲ್ಲ. ಈರುಳ್ಳಿ, ತುಳಸಿ, ನಿಂಬೆಹಣ್ಣು ಯಾವುದೂ ಹೀರುವುದಿಲ್ಲ. ನೀರು ಇಟ್ಟಿದ್ದೇವೆ ಎಂಬ ಧೈರ್ಯದಲ್ಲಿ ಕಿಟಕಿ ಪೂರ್ತಿ ಮುಚ್ಚಿಬಿಡುತ್ತೇವೆ, ಅಷ್ಟೇ ಅದರಿಂದ ಆಗುವುದು.

‘ನಮ್ಮ ಅಜ್ಜಿ ಕಾಲದಿಂದ ಇಟ್ಟಿದ್ದೇವೆ, ಯಾರಿಗೂ ಏನೂ ಆಗಿಲ್ಲ’ ಎಂದು ಅಮ್ಮ ಹೇಳಬಹುದು. ಅವರು ಹೇಳುವುದು ಸುಳ್ಳಲ್ಲ. ಅಜ್ಜಿಯ ಮನೆ ಹೇಗಿತ್ತು ನೆನಪು ಮಾಡಿಕೊಳ್ಳಿ. ನಾಡಹೆಂಚಿನ ಸಂದಿಯಲ್ಲಿ ಬೆಳದಿಂಗಳು ಒಳಗೆ ಬೀಳುತ್ತಿತ್ತು. ಗೋಡೆಗೂ ಮಾಡಿಗೂ ನಡುವೆ ಗುಬ್ಬಚ್ಚಿ ಗೂಡು ಕಟ್ಟುವಷ್ಟು ಜಾಗ. ಬಿಸಿ ಗಾಳಿಯ ಜೊತೆ ಈ ಅನಿಲವೂ ಮೇಲೆ ಹೋಗಿ ಆ ಸಂದಿಗಳಿಂದ ಹೊರಗೆ ಹೋಗುತ್ತಿತ್ತು. ನಿಮ್ಮ ಹೊಸ ಮನೆಗೆ ಕಾಂಕ್ರೀಟ್ ಚಾವಣಿ, ಜಾರಿಸುವ ಗಾಜಿನ ಕಿಟಕಿ, ರಬ್ಬರ್ ಪಟ್ಟಿ. ಸೊಳ್ಳೆ ಬರುತ್ತೆ ಅಂತ ಗವಾಕ್ಷಿಗೂ ಗಾಜು ಹಾಕಿಸಿರುತ್ತೀರಿ. ಬಾಂಡ್ಲಿ ಅದೇ, ಕೆಂಡವೂ ಅದೇ. ಬದಲಾಗಿರುವುದು ಮನೆ. ಬಾಣಂತಿ ಕೋಣೆಗೂ ಇದೇ ಮಾತು. ಕಿಟಕಿಗೆ ಗೋಣಿಚೀಲ ಕಟ್ಟಿ, ಮಂಚದ ಕೆಳಗೆ ಕೆಂಡ ಇಟ್ಟು ಸಾಂಬ್ರಾಣಿ ಹಾಕುವುದು ಇವತ್ತಿನ ಮನೆಗಳಲ್ಲಿ ಬೇಡವೇ ಬೇಡ. ಹಸುಗೂಸಿನ ಮೈ ಎಷ್ಟು ತಡೆದೀತು?

ಬೆಳಿಗ್ಗೆ ಎದ್ದಾಗ ಅಮ್ಮನಿಗೆ ತಲೆ ಭಾರ, ವಾಕರಿಕೆ ಇರುತ್ತಿತ್ತೇ ಎಂದು ಕೇಳಿ. ಬಿಸಿಲಿಗೆ ಬಂದು ಕೂತ ಮೇಲೆ ಸರಿಹೋಗುತ್ತಿತ್ತು ಅಂದರೆ ‘ಪಿತ್ತ’ ಅಂದುಕೊಂಡು ಸುಮ್ಮನಾಗಬೇಡಿ, ಡಾಕ್ಟರಿಗೆ ತೋರಿಸಿ, ಕೆಂಡದ ವಿಷಯವನ್ನೂ ಹೇಳಿ. ಯಾರಾದರೂ ಎಚ್ಚರ ತಪ್ಪಿದ್ದು ಕಂಡರೆ ಮೊದಲು ಹೊರಗೆ ಎತ್ತಿಕೊಂಡು ಬನ್ನಿ, ಬಾಗಿಲು ಕಿಟಕಿ ತೆರೆಯಿರಿ, 108ಕ್ಕೆ ಫೋನ್ ಮಾಡಿ. ನೀರು ಚಿಮುಕಿಸುತ್ತಾ ಒಳಗೇ ಕೂತರೆ ಎಬ್ಬಿಸಲು ಹೋದವರೂ ಬೀಳುತ್ತಾರೆ.

ಈಗ ಅಮ್ಮನ ದೂರಿಗೆ ಬರುತ್ತೇನೆ. ‘ಹಳೇ ಮನೇಲಿ ಇಷ್ಟು ಚಳಿ ಇರಲಿಲ್ಲ’ ಎನ್ನುವುದು ಬರೀ ಹಳೇ ಮನೆಯ ಮೋಹ ಅಂದುಕೊಳ್ಳಬೇಡಿ. ಅವರು ಸರಿಯಾಗಿಯೇ ಹೇಳುತ್ತಿದ್ದಾರೆ. ಆ ಮನೆಯ ಮಣ್ಣಿನ ಗೋಡೆ ಒಂದೂವರೆ ಅಡಿ ದಪ್ಪ ಇದ್ದಿರಬೇಕು. ಹಗಲು ಕುಡಿದ ಬಿಸಿಲನ್ನು ಅದು ರಾತ್ರಿಯೆಲ್ಲಾ ಸ್ವಲ್ಪಸ್ವಲ್ಪವೇ ಒಳಗೆ ಬಿಡುತ್ತದೆ. ಮೇಲೆ ಅಟ್ಟ, ಅದರ ತುಂಬ ಏನಾದರೂ ಸಾಮಾನು. ಅಡುಗೆ ಒಲೆ ಮನೆ ಮಧ್ಯೆ. ನಿಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಕೊಟ್ಟಿಗೆಯೂ ಅದೇ ಸೂರಿನಡಿ ಇರುತ್ತಿತ್ತು. ಒಂದು ಹಸುವಿನ ಮೈಯಿಂದ ಬರುವ ಶಾಖ ಸಣ್ಣ ರೂಮ್ ಹೀಟರಿನಷ್ಟು! ಎರಡು ಹಸು, ಒಂದು ಎಮ್ಮೆ ಇದ್ದರೆ ಬೇರೆ ಏನು ಬೇಕು?

ಆರ್‌ಸಿಸಿ ಚಾವಣಿ ಹಾಗಲ್ಲ. ಮೋಡವಿಲ್ಲದ ಮಾಗಿಯ ರಾತ್ರಿಯಲ್ಲಿ ಅದು ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟುಬಿಡುತ್ತದೆ. ಮೋಡ ಇದ್ದ ರಾತ್ರಿ ಚಳಿ ಕಮ್ಮಿ ಅಲ್ವಾ, ಅದೇ ಕಾರಣ. ಬೆಳಗಿನ ಜಾವದ ಹೊತ್ತಿಗೆ ಚಾವಣಿಯ ಒಳಮೈ ತಣ್ಣಗಾಗಿರುತ್ತದೆ. ಕೋಣೆಯ ಗಾಳಿ ಅಷ್ಟೇನೂ ತಣ್ಣಗಿರದಿದ್ದರೂ ಅದರ ಕೆಳಗೆ ಮಲಗಿದವರ ಮೈ ತನ್ನ ಶಾಖವನ್ನು ಆ ತಣ್ಣನೆ ಚಾವಣಿಗೆ ಕಳೆದುಕೊಳ್ಳುತ್ತದೆ. ಟೈಲ್ಸ್ ಕಥೆಯೂ ಹತ್ತಿರ ಹತ್ತಿರ ಇದೇ. ಟೈಲ್ಸೂ ಅದರ ಮೇಲಿನ ಚಾಪೆಯೂ ಒಂದೇ ಉಷ್ಣತೆಯಲ್ಲಿರುತ್ತವೆ. ಆದರೆ ಟೈಲ್ಸ್ ಪಾದದ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ, ಚಾಪೆ ಎಳೆದುಕೊಳ್ಳುವುದಿಲ್ಲ. ಜೊತೆಗೆ ನಿಮಗೆ ನಾಲೆ ಬೇರೆ. ತಣ್ಣನೆ ಗಾಳಿ ಭಾರ, ತಗ್ಗಿನಲ್ಲಿ ಬಂದು ಕೂರುತ್ತದೆ. ನೀರು, ಗದ್ದೆಯ ತೇವ ಸೇರಿ ಮಂಜಾಗುತ್ತದೆ. ನಿಮ್ಮೂರಿನ ಚಳಿ ಮೈಸೂರಿನ ಪೇಟೆ ಮಧ್ಯದ ಚಳಿಗಿಂತ ಜಾಸ್ತಿ ಅನ್ನಿಸುವುದು ಸಹಜವೇ.

ಹಾಗಂತ ಇಡೀ ಮನೆ ಬಿಸಿ ಮಾಡಲು ಹೊರಡಬೇಡಿ. ನಮ್ಮ ಮನೆಗಳು ಬೇಸಿಗೆಗೆ ಕಟ್ಟಿದವು, ಶಾಖ ಹೊರಗೆ ಹೋಗಲಿ ಎಂದೇ ಕಟ್ಟಿದವು. ಬಿಸಿ ಮಾಡಬೇಕಾದ್ದು ಅಮ್ಮನ ಮೈಯನ್ನು, ಹೆಚ್ಚೆಂದರೆ ಮಂಚವನ್ನು. ಹಿರಿಯರಿರುವ ಕೋಣೆ 18 ಡಿಗ್ರಿಗಿಂತ ಕೆಳಗೆ ಹೋಗದಿದ್ದರೆ ಒಳ್ಳೆಯದು. ಗೋಡೆಗೆ ನೇತುಹಾಕುವ ಸಣ್ಣ ಥರ್ಮಾಮೀಟರ್ ಸಿಗುತ್ತದೆ, ಒಂದು ತಂದಿಡಿ. ಮುಚ್ಚಿದ ಕೋಣೆಯ ಒಳಗೆ ಹೊರಗಿಗಿಂತ ನಾಲ್ಕೈದು ಡಿಗ್ರಿ ಜಾಸ್ತಿಯೇ ಇರುತ್ತದೆ.

ಖರ್ಚಿಲ್ಲದ ಕೆಲಸಗಳಿಂದ ಶುರು ಮಾಡಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಡಿಸೆಂಬರ್ ಕೊನೆಯಲ್ಲಿ ನಟ್ಟನಡು ಮಧ್ಯಾಹ್ನವೂ ನಿಮ್ಮೂರಿನಲ್ಲಿ ಅವನು ದಕ್ಷಿಣದ ಕಡೆ 54 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಅಂದರೆ ಬಿಸಿಲು ಒಳಗೆ ಬರುವುದು ದಕ್ಷಿಣದ ಕಿಟಕಿಯಿಂದ. ವಾಸ್ತು ಅಂತ ದಕ್ಷಿಣಕ್ಕೆ ಕಿಟಕಿಯೇ ಬೇಡ ಎನ್ನುವವರ ಜೊತೆ ನಾನು ಜಗಳ ಆಡುವುದನ್ನು ಬಿಟ್ಟಿದ್ದೇನೆ, ಆದರೆ ನಿಮ್ಮಲ್ಲಿ ಕಿಟಕಿ ಇದ್ದರೆ ಅಮ್ಮನ ಮಂಚ ಆ ಕೋಣೆಗೆ ಹೋಗಲಿ. ಬೆಳಿಗ್ಗೆ ಹನ್ನೊಂದರಿಂದ ನಾಲ್ಕರವರೆಗೆ ಕಿಟಕಿ ತೆರೆದಿಡಿ, ಹೊತ್ತು ಮುಳುಗುವ ಮುಂಚೆಯೇ ಮುಚ್ಚಿ. ಎಲ್ಲರೂ ಮುಚ್ಚುವುದು ಚಳಿ ಶುರುವಾದ ಮೇಲೆ, ಅಷ್ಟರಲ್ಲಿ ಹಗಲಿನ ಬಿಸಿ ಹೋಗಿರುತ್ತದೆ. ಇಡೀ ದಿನ ಮುಚ್ಚಿಟ್ಟರೂ ತೊಂದರೆಯೇ. ತೇವ ಒಳಗೇ ಉಳಿದು ಬೀರುವಿನ ಹಿಂದೆ ಗೋಡೆಗೆ ಬೂಷ್ಟು ಹಿಡಿಯುತ್ತದೆ.

ಮಂಚ ಹೊರಗೋಡೆಗೆ ಒತ್ತಿಕೊಂಡಿದ್ದರೆ ಒಂದು ಗೇಣು ಈಚೆ ಎಳೆಯಿರಿ. ರಾತ್ರಿ ಒಂದು ಊದುಬತ್ತಿ ಹಚ್ಚಿ ಬಾಗಿಲಿನ ಕೆಳಗೆ, ಕಿಟಕಿಯ ಅಂಚಿಗೆ ಹಿಡಿದು ನೋಡಿ. ಹೊಗೆ ನೆಟ್ಟಗೆ ಮೇಲೆ ಹೋಗದೆ ಒಂದು ಕಡೆ ಓಡಿದರೆ ಅಲ್ಲಿಂದ ಗಾಳಿ ನುಗ್ಗುತ್ತಿದೆ ಎಂದರ್ಥ. ಬಾಗಿಲಿನ ಕೆಳಗೆ ಹಳೇ ಸೀರೆ ಸುತ್ತಿ ಉದ್ದಕ್ಕೆ ಇಟ್ಟರೆ ಸಾಕು. ಗವಾಕ್ಷಿ ಮಾತ್ರ ಮುಚ್ಚಬೇಡಿ. ಅದು ಎತ್ತರದಲ್ಲಿರುತ್ತದೆ, ಗಾಳಿ ಮೈಗೆ ಹೊಡೆಯುವುದಿಲ್ಲ. ಹಾಸಿಗೆ ಕೆಳಗೆ ಒಂದು ಕಂಬಳಿ ಹಾಸಿ. ಹೊದೆಯಲು ನಾಲ್ಕು ರಗ್ಗು ಕೊಟ್ಟು ಕೆಳಗೆ ಬರೀ ತೆಳು ಹಾಸಿಗೆ ಬಿಟ್ಟರೆ ಶಾಖ ಕೆಳಗಿನಿಂದ ಹೋಗುತ್ತದೆ. ತಲೆಗೆ ಉಲ್ಲನ್ ಟೋಪಿ, ಕಾಲಿಗೆ ಸಡಿಲವಾದ ಕಾಲುಚೀಲ, ನೆಲಕ್ಕೆ ಜಮಖಾನ. ಜಮಖಾನದ ಅಂಚು ಕಾಲಿಗೆ ಸಿಕ್ಕದ ಹಾಗೆ ಹಾಸಬೇಕು. ಈ ವಯಸ್ಸಿನಲ್ಲಿ ಚಳಿಗಿಂತ ಬೀಳುವುದು ದೊಡ್ಡ ಗಂಡಾಂತರ.

ಇನ್ನು ಹೀಟರ್. ಕಳೆದ ವರ್ಷ ಒಬ್ಬರು ಕರ್ಚೀಫಿನಲ್ಲಿ ಸುತ್ತಿಕೊಂಡು ಒಂದು ತ್ರೀ ಪಿನ್ ಪ್ಲಗ್ ತಂದು ನನ್ನ ಮೇಜಿನ ಮೇಲೆ ಇಟ್ಟರು. ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಒಂದು ಪಿನ್ನಿನ ಬುಡ ಮೇಣದ ಹಾಗೆ ಇಳಿದಿತ್ತು. ನಿಮ್ಮದೂ ಹಾಗೇ ಇರಬೇಕು. ಲೆಕ್ಕ ಸರಳ. 2000 ವ್ಯಾಟಿನ ಹೀಟರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಫ್ಯಾನು, ಮೊಬೈಲ್ ಚಾರ್ಜರಿಗೆ ಹಾಕಿರುವ ಸಣ್ಣ ಸಾಕೆಟ್ ತಡೆಯುವುದು 6 ಆಂಪಿಯರ್. ಕನ್ವರ್ಟರ್ ಪ್ಲಗ್ ಸಿಕ್ಕಿಸಿದರೆ ಪಿನ್ನಿನ ಗಾತ್ರ ಹೊಂದುತ್ತದೆ, ಒಳಗಿನ ವೈರು ದಪ್ಪ ಆಗುವುದಿಲ್ಲ! ಎಕ್ಸ್‌ಟೆನ್ಶನ್ ಬಾಕ್ಸೂ ಅಷ್ಟೇ.

ಬಿಸಿಯೇ ಆಗಲ್ಲ ಎನ್ನುವುದಕ್ಕೆ ಕಾರಣ ಹೆಚ್ಚಾಗಿ ವೋಲ್ಟೇಜ್. ಅದು 180ಕ್ಕೆ ಇಳಿದರೆ 2000 ವ್ಯಾಟಿನ ಹೀಟರ್ ಕೊಡುವುದು 1200 ಚಿಲ್ಲರೆ ವ್ಯಾಟ್ ಮಾತ್ರ. ಹೀಟರ್ ಕೆಟ್ಟಿದೆ ಅಂತ ಅಂಗಡಿಯವರ ಜೊತೆ ಜಗಳಕ್ಕೆ ಹೋಗುವ ಮುಂಚೆ ರಾತ್ರಿ ಹೊತ್ತು ಎಲೆಕ್ಟ್ರಿಷಿಯನ್ ಕೈಲಿ ವೋಲ್ಟೇಜ್ ನೋಡಿಸಿ.

ಹೀಟರ್ ಬೇಕೇ ಬೇಕು ಅಂದರೆ ಮೀಟರ್ ಬೋರ್ಡಿನಿಂದ ಅದಕ್ಕೇ ಪ್ರತ್ಯೇಕ ಲೈನ್, 16 ಆಂಪಿಯರ್ ಸಾಕೆಟ್, 4 ಎಂಎಂ ತಾಮ್ರದ ವೈರ್, ಸರಿಯಾದ ಅರ್ತಿಂಗ್, ಜೊತೆಗೆ ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಸ್ವಿಚ್ ಹಾಕಿಸಿ. ಕೆಂಪಗೆ ಕಾಯುವ ಸಲಾಕೆಯ ಹೀಟರಿಗಿಂತ ಎಣ್ಣೆ ತುಂಬಿದ ರೇಡಿಯೇಟರ್ ವಾಸಿ. ಸೆರಗು, ರಗ್ಗು ತಾಗಿದರೂ ತಕ್ಷಣ ಹೊತ್ತಿಕೊಳ್ಳುವುದಿಲ್ಲ. ಆದರೂ ಮಂಚದಿಂದ ಮೂರಡಿ ದೂರ ಇರಲಿ, ಅದರ ಮೇಲೆ ಬಟ್ಟೆ ಒಣಗಿಸಬೇಡಿ. ಕರೆಂಟಿನ ಹೀಟರ್ ಆಮ್ಲಜನಕ ತಿನ್ನುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ಅಲ್ಲಿ ಏನೂ ಉರಿಯುತ್ತಿಲ್ಲ. ಗಾಳಿ ಸ್ವಲ್ಪ ಒಣಗಿದಂತೆ ಆಗುತ್ತದೆ, ಗಂಟಲು ಕೆರೆಯಬಹುದು. ನೀರಿನ ಪಾತ್ರೆ ಇಡುವುದಾದರೆ ಇಲ್ಲಿ ಇಡಿ, ಇಲ್ಲಿ ಅದಕ್ಕೆ ಒಂದಿಷ್ಟು ಅರ್ಥವಿದೆ.

ಖರ್ಚು ನೋಡಿ. 2000 ವ್ಯಾಟ್ ಅಂದರೆ ಗಂಟೆಗೆ 2 ಯೂನಿಟ್. ರಾತ್ರಿ ಎಂಟು ಗಂಟೆ ನಿಲ್ಲದೆ ಓಡಿದರೆ 16, ತಿಂಗಳಿಗೆ 480. ಗೃಹಜ್ಯೋತಿಯ ಮಿತಿ 200 ಯೂನಿಟ್. ಅದನ್ನು ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನೀವೇ ಕಟ್ಟಬೇಕು. ಥರ್ಮೋಸ್ಟಾಟ್ ಇರುವ ಹೀಟರ್ ನಡುನಡುವೆ ನಿಂತು ಸ್ವಲ್ಪ ಉಳಿಸುತ್ತದೆ, ಆದರೂ ಜಾಸ್ತಿಯೇ. ಅದರ ಬದಲು ಮಲಗುವ ಮುಂಚೆ ಅರ್ಧ ಗಂಟೆ ಕೋಣೆ ಬಿಸಿ ಮಾಡಿ ಆರಿಸಿದರೆ ಒಂದೇ ಯೂನಿಟ್.

ಹಾಸಿಗೆಯನ್ನೇ ಬಿಸಿ ಮಾಡುವ ಎಲೆಕ್ಟ್ರಿಕ್ ಹೊದಿಕೆ ಇನ್ನೂ ಅಗ್ಗ. 100 ವ್ಯಾಟಿನದಾದರೆ ಅರ್ಧ ಗಂಟೆಗೆ ಯೂನಿಟಿನ ಇಪ್ಪತ್ತನೇ ಒಂದು ಭಾಗ. ಆದರೆ ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ ಎಂದಿರಿ. ಅಂಥವರಿಗೆ ಪಾದದಲ್ಲಿ ಸ್ಪರ್ಶ ಮಂಕಾಗಿರಬಹುದು. ಸುಡುತ್ತಿದ್ದರೂ ಗೊತ್ತಾಗುವುದಿಲ್ಲ, ಬೆಳಿಗ್ಗೆ ನೋಡಿದರೆ ಬೊಬ್ಬೆ. ಆದ್ದರಿಂದ ಹೊದಿಕೆಯಾಗಲಿ, ಬಿಸಿನೀರಿನ ಚೀಲವಾಗಲಿ ಹಾಸಿಗೆ ಬೆಚ್ಚಗಾಗಲು ಮಾತ್ರ. ಅಮ್ಮ ಮಲಗುವ ಹೊತ್ತಿಗೆ ಹೊದಿಕೆಯ ಪ್ಲಗ್ ಕಿತ್ತಿರಬೇಕು, ಚೀಲವನ್ನು ಈಚೆ ತೆಗೆದಿರಬೇಕು. ಚೀಲಕ್ಕೆ ಕುದಿಯುವ ನೀರು ಹಾಕಬೇಡಿ, ರಬ್ಬರ್ ಹಳತಾಗಿ ಬಿರಿದಿದ್ದರೆ ಎಸೆದುಬಿಡಿ. ಬಿಪಿ, ಹೃದಯದ ಮಾತ್ರೆಗಳ ವಿಷಯ ಡಾಕ್ಟರನ್ನು ಕೇಳಿ, ಅದು ನನ್ನ ಕೆಲಸವಲ್ಲ.

ತಮ್ಮ ಹೇಳಿದ ಗ್ಯಾಸ್ ಗೀಸರ್. ಮೈಸೂರಿನ ಒಂದು ಬಡಾವಣೆಯಲ್ಲಿ ಒಡೆದ ಬಚ್ಚಲು ಬಾಗಿಲನ್ನು ಸರಿಮಾಡಲು ನನ್ನನ್ನು ಕರೆದಿದ್ದರು. ಒಡೆದಿದ್ದು ಅಪ್ಪ. ಒಳಗೆ ಕಾಲೇಜಿಗೆ ಹೋಗುವ ಮಗ ಬಿದ್ದಿದ್ದ, ನಲ್ಲಿಯಲ್ಲಿ ಬಿಸಿನೀರು ಹರಿಯುತ್ತಲೇ ಇತ್ತಂತೆ. ಹುಡುಗ ಬದುಕಿದ, ಮೂರು ದಿನ ಆಸ್ಪತ್ರೆಯಲ್ಲಿದ್ದು ಬಂದ. ನಾನು ಹೋದಾಗ ಮೊದಲು ಕಣ್ಣಿಗೆ ಬಿದ್ದಿದ್ದು ಗವಾಕ್ಷಿ. ತಣ್ಣನೆ ಗಾಳಿ ಬರುತ್ತೆ ಅಂತ ಅದಕ್ಕೆ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಕಡೆ ಗಮ್ ಟೇಪ್ ಅಂಟಿಸಿದ್ದರು. ಅದರ ಕೆಳಗೇ ಗೀಸರ್.

ಗ್ಯಾಸ್ ಗೀಸರ್ ಒಳಗೆ ಉರಿಯುವುದೂ ಬೆಂಕಿಯೇ. ಕೆಂಡಕ್ಕೆ ಹೇಳಿದ್ದೆಲ್ಲ ಅದಕ್ಕೂ ಹೊಂದುತ್ತದೆ. ಹಾಕಿಸಲೇಬೇಕೆಂದರೆ ಗೀಸರ್ ಮತ್ತು ಸಿಲಿಂಡರ್ ಎರಡೂ ಬಚ್ಚಲಿನ ಹೊರಗೆ, ಗಾಳಿ ಆಡುವ ಜಾಗದಲ್ಲಿರಲಿ. ಒಳಗೆ ಬಿಸಿನೀರಿನ ಪೈಪ್ ಮಾತ್ರ ಬರಲಿ. ‘ಎಕ್ಸಾಸ್ಟ್ ಫ್ಯಾನ್ ಹಾಕಿದ್ದೇವೆ, ಸಾಕು’ ಎನ್ನುವ ಮಾತನ್ನೂ ನಂಬಬೇಡಿ. ಹೊರಗಿನ ಗಾಳಿ ಒಳಗೆ ಬರಲು ದಾರಿ ಇಲ್ಲದಿದ್ದರೆ ಫ್ಯಾನು ಗೀಸರಿನ ಕೆಟ್ಟ ಗಾಳಿಯನ್ನೇ ಬಚ್ಚಲಿಗೆ ಎಳೆದುಕೊಳ್ಳಬಹುದು. ಗ್ಯಾಸ್ ಸೋರಿಕೆಗೆ ಕೂಗುವ ಅಲಾರಂ ಇದ್ದರೂ ಕಾರ್ಬನ್ ಮಾನಾಕ್ಸೈಡ್‌ಗೆ ಅದು ಕೂಗುವುದಿಲ್ಲ. ಅದಕ್ಕೆ ಬೇರೆಯೇ ಅಲಾರಂ ಬೇಕು.

ನನ್ನನ್ನು ಕೇಳಿದರೆ ಒಬ್ಬ ಅಜ್ಜಿಯ ಸ್ನಾನಕ್ಕೆ 15 ಲೀಟರಿನ ಕರೆಂಟ್ ಗೀಸರ್ ಸಾಕು. 20 ಡಿಗ್ರಿಯ ನೀರನ್ನು 50ಕ್ಕೆ ಕಾಯಿಸಲು ಅರ್ಧ ಯೂನಿಟಿಗಿಂತ ಚೂರು ಜಾಸ್ತಿ ಆಗುತ್ತದೆ, ಅಷ್ಟೇ. ವೋಲ್ಟೇಜ್ ಕಮ್ಮಿ ಇದ್ದರೆ ನಿಧಾನ, ಆದರೆ ಕಾಯುತ್ತದೆ. ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಬೇಡ. ಸ್ವಿಚ್ ಆರಿಸದೆ ನೀರು ಮುಟ್ಟಿ ನೋಡುವ ಅಭ್ಯಾಸ ಯಾರಿಗೂ ಹೋಗುವುದಿಲ್ಲ. ಊರಲ್ಲಿ ಹಳೇ ಹಂಡೆ ಒಲೆ ಇನ್ನೂ ಇದ್ದು, ಒಲೆಯ ಬಾಯಿ ಬಚ್ಚಲಿನ ಹೊರಗಡೆಗೇ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ತೆಂಗಿನ ಗರಿ, ಮಟ್ಟೆಗೆ ಮಂಡ್ಯದಲ್ಲಿ ಬರವೇ?

ಕೊನೆಗೆ ನಿಮ್ಮ ಮಗನ ಮಾತು. ಕೆನಡಾಕ್ಕೆ ಅವನು ಹೇಳಿದ್ದು ನೂರಕ್ಕೆ ನೂರು ಸರಿ. ಅಲ್ಲಿ ಉಷ್ಣತೆ ಸೊನ್ನೆಗಿಂತ ಎಷ್ಟೋ ಕೆಳಗೆ ಇಳಿಯುತ್ತದೆ. ನೀರು ಹೆಪ್ಪುಗಟ್ಟಿದಾಗ ನೂರಕ್ಕೆ 9ರಷ್ಟು ಹಿಗ್ಗುತ್ತದೆ. ಹೊರಗೋಡೆಯ ಒಳಗಿನ ಪೈಪು ಆ ಒತ್ತಡಕ್ಕೆ ಸೀಳಿಹೋಗುತ್ತದೆ, ಮಂಜುಗಡ್ಡೆ ಕರಗಿದ ಮೇಲೆ ಮನೆಯೆಲ್ಲ ನೀರು. ನಲ್ಲಿಯನ್ನು ಹನಿಯಲು ಬಿಟ್ಟರೆ ಒತ್ತಡ ಕಮ್ಮಿಯಾಗುತ್ತದೆ, ಹರಿಯುವ ನೀರು ಬೇಗ ಕಟ್ಟಿಕೊಳ್ಳುವುದೂ ಇಲ್ಲ. ಅವನು ಊರಿಗೆ ಬರುವಾಗಲೂ ಅಲ್ಲಿನ ಮನೆಯ ಹೀಟಿಂಗ್ ಪೂರ್ತಿ ಆರಿಸಿ ಬರಬಾರದು. ಆದರೆ ನಮ್ಮಲ್ಲಿ? ಮೈಸೂರು ಗಡಗಡ ನಡುಗಿದ 2012ರ ಜನವರಿಯಲ್ಲೂ 7.7 ಡಿಗ್ರಿ ಇತ್ತು. ಪೈಪಿನಲ್ಲಿ ನೀರು ಕಟ್ಟಿಕೊಳ್ಳುವ ಮಾತೇ ಇಲ್ಲ. ನಲ್ಲಿ ಬಿಟ್ಟರೆ ಓವರ್‌ಹೆಡ್ ಟ್ಯಾಂಕು ಖಾಲಿ, ಅಷ್ಟೇ. ನಮ್ಮ ಪೈಪಿಗೆ ಶತ್ರು ಬಿಸಿಲು. ತಾರಸಿ ಮೇಲೆ ಬಯಲಲ್ಲಿ ಬಿದ್ದಿರುವ ಪಿವಿಸಿ ಪೈಪ್ ಕೆಲವೇ ವರ್ಷದಲ್ಲಿ ಪೆಡಸಾಗಿ ಮುಟ್ಟಿದರೆ ಒಡೆಯುತ್ತದೆ. ಬಟ್ಟೆ ಸುತ್ತುವ ಮಾತು ಮಾತ್ರ ಒಂದು ಕಡೆ ಉಪಯೋಗಕ್ಕೆ ಬರುತ್ತದೆ. ಮುಂದೆ ಸೋಲಾರ್ ಹಾಕಿಸಿದರೆ ತಾರಸಿಯಿಂದ ಬಚ್ಚಲಿಗೆ ಇಳಿಯುವ ಬಿಸಿನೀರಿನ ಪೈಪಿಗೆ ಫೋಮ್ ಕೊಳವೆ ತೊಡಿಸಿ. ಇಲ್ಲದಿದ್ದರೆ ಮೊದಲ ಎರಡು ಬಕೆಟ್ ತಣ್ಣೀರೇ ಬರುತ್ತದೆ.

ಅಮ್ಮ ಕೆಂಡ ಬಿಡುವುದಿಲ್ಲ ಅಂದರೆ ಜಗಳ ಬೇಡ. ಸಂಜೆ ಜಗಲಿಯಲ್ಲಿ ಬಾಂಡ್ಲಿ ಇಟ್ಟುಕೊಂಡು ಕೈಕಾಲು ಕಾಯಿಸಿಕೊಳ್ಳಲಿ, ಜೊತೆಗೆ ಅವರೆಕಾಯಿ ಬಿಡಿಸುತ್ತಾ ಕೂರಲಿ. ಮಲಗುವ ಹೊತ್ತಿಗೆ ಕೆಂಡಕ್ಕೆ ನೀರು ಹಾಕಿ, ಬಾಂಡ್ಲಿ ಅಂಗಳದಲ್ಲೇ ಉಳಿಯಲಿ. ಬೂದಿ ಮುಚ್ಚಿದ ಕೆಂಡ ಆರಿದೆ ಅಂತ ಒಳಗೆ ತರುವುದು ಬೇಡ, ಅದು ಬೆಳಗಿನವರೆಗೂ ಜೀವಂತ ಇರುತ್ತದೆ.

ಈ ವಾರ ಊರಿಗೆ ಹೋದಾಗ ಕರಗಿದ ಪ್ಲಗ್, ಅದು ಇದ್ದ ಸಾಕೆಟ್, ಮೀಟರ್ ಬೋರ್ಡಿನ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್), ಮೂರರದ್ದೂ ಫೋಟೊ ತೆಗೆದು ಕಳಿಸಿ. ಎಂಸಿಬಿ ಮೇಲಿನ ಆಂಪಿಯರ್ ಸಂಖ್ಯೆ ಓದುವ ಹಾಗಿರಲಿ. ಲೈನ್ ಹೊಸದಾಗಿ ಎಳೆಸಬೇಕೋ, ಸಾಕೆಟ್ ಬದಲಿಸಿದರೆ ಸಾಕೋ ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಆ ಹೀಟರಿನ ಸಹವಾಸವೂ ಬೇಡ.